ಹಳೇ ರೈಫಲ್ ಕೊಟ್ಟು ಶಿಕಾರಿ ರೈಫಲ್ ಪಡೆಯುವುದು: ಬಳಕೆದಾರರ ಕೈಪಿಡಿ

ಈ ಕೈಪಿಡಿ ಅಮೆರಿಕದ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಕನ್ನಡದ ಓದುಗರು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ.

ನಿಮ್ಮಲ್ಲಿರುವ ವಸ್ತು: ರಷ್ಯಾದ ಮೋಸಿನ್-ನಗಾಂತ್, 91/30 ಮಾದರಿ. ಮೂಲ ವಿನ್ಯಾಸ 1891ರದು. ತೂಕ ಸುಮಾರು 4 ಕಿಲೋ, ಉದ್ದ ನಾಲ್ಕಡಿ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಇವು ಪೆಟ್ಟಿಗೆಗಟ್ಟಲೆ ಹಡಗು ಹತ್ತಿ ಬಂದವು. 100 ಡಾಲರಿಗೂ ಕಡಿಮೆಗೆ ಸಿಗುತ್ತಿದ್ದ ಆ ದಿನಗಳಲ್ಲಿ ಕೊಂಡವರು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ತುಕ್ಕು ಹಿಡಿಯದಿರಲೆಂದು ಬಳಿದ ಕಾಸ್ಮೋಲೀನ್ ಗ್ರೀಸು ಮರದೊಳಕ್ಕೆ ಇಳಿದಿರುತ್ತದೆ. ಎಷ್ಟು ಒರೆಸಿದರೂ ಬಿಸಿಲಿಗಿಟ್ಟ ಕೂಡಲೇ ಹಲಸಿನ ಮೇಣದ ಹಾಗೆ ಒಸರುತ್ತದೆ. ಇದು ದೋಷವಲ್ಲ, ಗುಣವಿಶೇಷ.

ಮೊದಲ ಪರೀಕ್ಷೆ: ತೋಟಾ ಇಲ್ಲವೆಂದು ನೋಡಿ. ಇನ್ನೊಮ್ಮೆ ನೋಡಿ. ಆಮೇಲೆ ಭೂತಗನ್ನಡಿ ಹಿಡಿದು ನಳಿಗೆ, ಬೋಲ್ಟ್, ಮ್ಯಾಗಜೀನಿನ ತಳ, ಹಿಡಿಯ ಹಿಂಬದಿಯ ಕಬ್ಬಿಣದ ತಟ್ಟೆ, ಈ ನಾಲ್ಕೂ ಕಡೆ ನಂಬರು ಓದಿ. ನಾಲ್ಕೂ ಒಂದೇ ಆಗಿದ್ದರೆ ಹಿಗ್ಗಬೇಡಿ. ಯುದ್ಧದ ನಂತರ ರಿಪೇರಿಗೆ ಹೋದ ರೈಫಲುಗಳಲ್ಲಿ ಹಳೆಯ ನಂಬರು ಹೊಡೆದುಹಾಕಿ ಹೊಸದನ್ನು ಕೆತ್ತಿದ್ದೂ ಉಂಟು. ಅಕ್ಷರದ ಓರೆಕೋರೆಯಲ್ಲೇ ಸಂಗ್ರಹಕಾರ ಅದನ್ನು ಹಿಡಿಯುತ್ತಾನೆ.

ಎರಡನೆಯದು ಜಿಂಕೆಯ ಪರೀಕ್ಷೆ. ಈ ರೈಫಲಿನ ಗುರಿಯನ್ನು ಸೈನ್ಯದವರು ಬಯೊನೆಟ್ ಸಿಕ್ಕಿಸಿಯೇ ಹೊಂದಿಸುತ್ತಿದ್ದರು. ಬಯೊನೆಟ್ ತೆಗೆದರೆ ಗುಂಡು ಬೇರೆಡೆ ಬೀಳುತ್ತದೆ. ಹಾಕಿಕೊಂಡು ಹೋದರೆ ಜಿಂಕೆಗೆ ಇವರು ಬೇಟೆಗೆ ಬಂದರೋ ದಂಡೆತ್ತಿ ಬಂದರೋ ತಿಳಿಯುವುದಿಲ್ಲ. ಸೇಫ್ಟಿ ಹಾಕಲು ಬೋಲ್ಟಿನ ಹಿಂದಿನ ಗುಂಡಿಯನ್ನು ಎಳೆದು ತಿರುಗಿಸಬೇಕು. ಚಳಿಯಲ್ಲಿ ಅದಕ್ಕೆ ಪೈಲ್ವಾನನ ಬೆರಳು ಬೇಕು. ಸೈನ್ಯದ ತೋಟಾ ಹಾಕಿ ಜಿಂಕೆ ಹೊಡೆಯುವುದಕ್ಕೆ ಹಲವು ರಾಜ್ಯಗಳ ಕಾನೂನು ಒಪ್ಪುವುದಿಲ್ಲ. 2021ರಲ್ಲಿ ಅಮೆರಿಕ ರಷ್ಯಾದ ತೋಟಾಗಳಿಗೆ ಹೊಸ ಆಮದು ಪರವಾನಗಿ ನಿಲ್ಲಿಸಿದ ಮೇಲೆ ಅಗ್ಗದ ತೋಟಾದ ಆಸೆಯನ್ನೂ ಬಿಡಬೇಕಾಯಿತು.

ಬದಲಿಗೆ ಬರುವ ವಸ್ತು: 1936ರ ವಿಂಚೆಸ್ಟರ್ ಮಾಡೆಲ್ 70 ಅಥವಾ 1962ರ ರೆಮಿಂಗ್ಟನ್ 700. ಹಗುರ, ದುರ್ಬೀನು ಕೂರಿಸಲು ಸುಲಭ. ಆದರೆ ಇದು ಪೂರಾ ನಾಗರಿಕ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ವಿಂಚೆಸ್ಟರಿನ ಬೋಲ್ಟು ಜರ್ಮನ್ ಸೈನ್ಯದ ಮೌಸರ್ 98ರ ವಂಶದ್ದು. ಅದು ನುಂಗುವ .30-06 ತೋಟಾ 1906ರಲ್ಲಿ ಅಮೆರಿಕದ ಸೈನ್ಯಕ್ಕೆಂದೇ ಹುಟ್ಟಿದ್ದು. ನಮ್ಮ ಇಶಾಪುರದ .315 ಶಿಕಾರಿ ರೈಫಲಿನ ಮೈಯಲ್ಲೂ ಲೀ-ಎನ್‌ಫೀಲ್ಡಿನ ಮೂಳೆಯೇ ಇದೆ. ಸಿಪಾಯಿಯನ್ನು ಕೊಟ್ಟು, ರಿಟೈರಾದ ಸಿಪಾಯಿಯ ಮೊಮ್ಮಗನನ್ನು ಕರೆತರುತ್ತಿದ್ದೀರಿ ಅಷ್ಟೆ.

ಎಚ್ಚರಿಕೆ: ಸಂಗ್ರಹ, ಶಿಕಾರಿ ಎರಡರ ಲಾಭವೂ ಹಳೇ ರೈಫಲಿನಲ್ಲೇ ಸಿಗಲೆಂದು ಅದರ ಮರ ಕೊಯ್ದು, ನಳಿಗೆ ಮೋಟು ಮಾಡಿ, ದುರ್ಬೀನಿಗೆ ತೂತು ಕೊರೆಸಬೇಡಿ. ಒಂದು ಕಾಲದಲ್ಲಿ ಊರಿಗೂರೇ ಹೀಗೆ ಮಾಡಿತು. ಇಂದು ಅಂಥದ್ದನ್ನು ಸಂಗ್ರಹಕಾರ ಮುಟ್ಟುವುದಿಲ್ಲ, ಬೇಟೆಗಾರ ಕಣ್ಣೆತ್ತಿ ನೋಡುವುದಿಲ್ಲ.

ತೀರ್ಮಾನ: ಕಾಡಿಗೆ ಹೋಗುವ ಅಭ್ಯಾಸವಿಲ್ಲದಿದ್ದರೆ ಹಳೆಯದೇ ಇರಲಿ. ಹೋಗುವವರಾದರೆ ಅಂಗಡಿಯಲ್ಲಿ ಅದಲುಬದಲು ಮಾಡಬೇಡಿ. ಅಂಗಡಿಯವನು ತನ್ನ ಲಾಭ ಮುರಿದುಕೊಂಡೇ ಬೆಲೆ ಹೇಳುತ್ತಾನೆ. ನಂಬರು ಕೂಡಿಬಂದ ರೈಫಲನ್ನು ಸಂಗ್ರಹಕಾರರಿಗೆ ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನು ಕೊಳ್ಳಿ. ಕೊಳ್ಳುವವರು ಬೇರೆ ರಾಜ್ಯದವರಾದರೆ ವ್ಯವಹಾರ ಲೈಸೆನ್ಸ್ ಇರುವ ಡೀಲರ್ ಮೂಲಕವೇ ನಡೆಯಬೇಕು.