ಈರಣ್ಣಗ ಶರಣ್ರೀ

(ಮೂಡಲಗಿ. ಚಾದಂಗಡಿ ಕಟ್ಟಿ.)

ಕಾಕಾ: ರೇಡಿಯೋದಾಗ ನಗಸ್ತಿದ್ದ ಆಕಾಶವಾಣಿ ಈರಣ್ಣ, ಅಂದ್ರ ನಮ್ಮ ಎ.ಎಸ್. ಮೂರ್ತಿಯವ್ರು, 2012ರಾಗ ಹೋದ್ರು ನೋಡು ತಮ್ಮಾ, ರೇಡಿಯೋದ ನಾಲಿಗಿನೂ ಹೋತು.

ಹುಡುಗ: ಈಗ ಎಫ್‌ಎಂ ಐತಲ್ರೀ ಕಾಕಾ. ದಿನಾ ನಗಸ್ತಾರ.

ಕಾಕಾ: ಯಾರ ಮ್ಯಾಲ? ಹೆಂಡ್ತಿ ಮ್ಯಾಲ, ಟ್ರಾಫಿಕ್ ಮ್ಯಾಲ. ಮಂತ್ರಿ ಮ್ಯಾಲ?

ಹುಡುಗ: ಖಾಸಗಿ ಎಫ್‌ಎಂನವ್ರು ಸ್ವಂತ ಸುದ್ದಿ ಹೇಳಂಗಿಲ್ರೀ. ಹಾಕೂದಾದ್ರ ಆಕಾಶವಾಣಿ ಸುದ್ದೀನ ಇದ್ದಂಗ ಹಾಕಬೇಕು. ಸರ್ಕಾರದ ನಿಯಮ.

ಕಾಕಾ: ಹಂಗಾರ ನಗಿ ಖಾಸಗಿ, ಸುದ್ದಿ ಸರ್ಕಾರಿ!

ಹುಡುಗ: ಮತ್ತ ರಾಜಕೀಯದ ನಗಿ ಎಲ್ಲಿ ಕೇಳೂದ್ರೀ?

ಕಾಕಾ: ಎಲೆಕ್ಷನ್ ಭಾಷಣದಾಗ. ಅದಕ್ಕ ಲೈಸೆನ್ಸ್ ಬೇಡ. ಆದ್ರ ಈರಣ್ಣ ಬೇಕಂತ ನಗಸ್ತಿದ್ರು, ಇವ್ರು ಗೊತ್ತಿಲ್ದ ನಗಸ್ತಾರ.