ಫ್ರಿಜ್ಜಿನ ಹಲ್ಲೆಣಿಸಿದ್ದು

ಹೊಸ ಫ್ರಿಜ್ ಕೊಳ್ಳುವವನಿಗೆ ದುಡ್ಡಿದ್ದರೆ ಸಾಕು. ಹಳೆಯದನ್ನು ಕೊಳ್ಳುವವನಿಗೆ ತಿಳಿದವರು ಬೇಕು. ಚಿಂಚಲಿಯಲ್ಲಿ ದುಡ್ಡಿಗೆ ಬರ ಬಿದ್ದೀತು, ತಿಳಿದವರಿಗೆ ಮಾತ್ರ ಎಂದೂ ಬಿದ್ದಿಲ್ಲ.

ನಮಗೆ ಈ ಉಸಾಬರಿ ಗಂಟುಬಿದ್ದದ್ದು ಮಾಯಕ್ಕನ ಜಾತ್ರೆಯಿಂದ. ಭಾರತ ಹುಣ್ಣಿಮೆಗೆ ಸಾಂಗಲಿ, ಕೊಲ್ಹಾಪುರದ ಕಡೆಯ ಮಂದಿ ಬಂದಿಳಿದರೆಂದರೆ, ಚಿಂಚಲಿಯಲ್ಲಿ ಮನೆಯಿದ್ದವರಿಗೆ ತಮಗೇ ಗೊತ್ತಿಲ್ಲದ ಬೀಗರು ಹುಟ್ಟಿಕೊಳ್ಳುತ್ತಾರೆ. ಅಂಥವರಲ್ಲೊಬ್ಬ ಹಣೆತುಂಬ ಭಂಡಾರ ಬಳಿದುಕೊಂಡು ಬಂದು, ನಮ್ಮ ಗಡಿಗೆಯ ನೀರು ಕುಡಿದು, "ಫ್ರಿಜ್ ನಾಹೀ ಕಾ?" ಎಂದುಬಿಟ್ಟ. ಆತ ಹೋಳಿಗೆ ಉಂಡು ಮೀರಜಿನ ಗಾಡಿ ಹತ್ತಿದ. ಆ ಪ್ರಶ್ನೆ ನಮ್ಮ ಅಡುಗೆಮನೆಯಲ್ಲಿ ಉಳಿಯಿತು.

ಹೆಂಡತಿ ಹೊಸದು ಅಂದಳು, ನಾನು ಹಳೆಯದು ಅಂದೆ. ಹೊಸದನ್ನು ಕಬ್ಬಿನ ಬಿಲ್ ಬಂದಮೇಲೆ ನೋಡೋಣ ಎಂದೆ. ಇದರ ಅರ್ಥ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಮಾತು ಬೆಳೆಸದೆ ಗೃಹಜ್ಯೋತಿಯ ಬಿಲ್ ತಂದು ಮುಂದಿಟ್ಟಳು. ನಮ್ಮ ಸರಾಸರಿ ಬಳಕೆ 38 ಯೂನಿಟ್, ಸರ್ಕಾರ ಕೂಡಿಸಿಕೊಟ್ಟದ್ದು 10, ಒಟ್ಟು 48 ಪುಕ್ಕಟೆ. ಹಳೆಯ ಫ್ರಿಜ್ಜಿನ ಕಂಪ್ರೆಸರ್ 120 ವಾಟ್ ಎಂದು ಹಿಡಿಯಿರಿ. ದಿನಕ್ಕೆ ಹನ್ನೆರಡು ತಾಸು ಓಡಿದರೂ ತಿಂಗಳಿಗೆ 43 ಯೂನಿಟ್. ಅಂದರೆ 33 ಯೂನಿಟ್ ನಮ್ಮ ತಲೆಯ ಮೇಲೆ. ಯೂನಿಟ್ಟಿಗೆ ಆರು ರೂಪಾಯಿಯಂತೆ ತಿಂಗಳಿಗೆ ಇನ್ನೂರರ ಹತ್ತಿರ. ನಾಲ್ಕು ಸಾವಿರದ ಫ್ರಿಜ್ ಎರಡು ವರ್ಷ ತುಂಬುವುದರೊಳಗೆ ತನ್ನ ಬೆಲೆಯನ್ನು ತಾನೇ ತಿಂದು ತೇಗುತ್ತದೆ. ಹೊಸದರ ಮೇಲಿನ ನಕ್ಷತ್ರದ ಚೀಟಿಯಲ್ಲಿ ವರ್ಷದ ಯೂನಿಟ್ ಅಚ್ಚುಹಾಕಿರುತ್ತಾರೆ, ಹಳೆಯದರ ಮೇಲೆ ಇರುವುದು ಮಕ್ಕಳು ಅಂಟಿಸಿದ ಛೋಟಾ ಭೀಮ್. ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕವನ್ನು ಗಂಡಸರು ಎಷ್ಟು ಹೊತ್ತು ನೋಡಿಯಾರು? ನಾನು ಕಾಕಾನನ್ನು ಕರೆದುಕೊಂಡು ಕುಡಚಿ ಕಡೆ ಹೊರಟೆ. ಅಲ್ಲಿ ಹೊಳೆದಂಡೆಯ ಊರೊಂದರಲ್ಲಿ ಫ್ರಿಜ್ ಮಾರುವುದಿದೆ ಎಂದು ಸುದ್ದಿ ಬಂದಿತ್ತು.

ಹೋಗುವ ಮುಂಚೆ ಮೆಕ್ಯಾನಿಕನಿಂದ ಪಾಠ ಹೇಳಿಸಿಕೊಂಡಿದ್ದೆ. ಬಾಗಿಲ ಸಂದಿಯಲ್ಲಿ ಪೇಪರ್ ಇಟ್ಟು ಮುಚ್ಚಿ ಎಳೆಯಬೇಕು, ಸಲೀಸಾಗಿ ಬಂದರೆ ರಬ್ಬರ್ ಸತ್ತಿದೆ. ಬೆನ್ನಿನ ಜಾಳಿಗೆ ಬೆಚ್ಚಗಿರಬೇಕು. ಗ್ಯಾಸ್ ಯಾವುದೆಂದು ಕೇಳಬೇಕು: 2003ಕ್ಕಿಂತ ಹಿಂದಿನದಾದರೆ ಓಝೋನ್ ಪದರಕ್ಕೆ ತೂತು ಕೊರೆಯುವಂಥದ್ದು ಇದ್ದೀತು, ತೀರ ಈಚಿನದಾದರೆ ಅಡುಗೆ ಗ್ಯಾಸಿನ ದಾಯಾದಿ. ತಂದಮೇಲೆ ನಾಲ್ಕಾರು ತಾಸು ನೆಟ್ಟಗೆ ನಿಲ್ಲಿಸಿ, ಎಣ್ಣೆ ಕೆಳಗಿಳಿದ ಬಳಿಕವೇ ಸ್ವಿಚ್ ಒತ್ತಬೇಕು.

ಕಾಕಾನಿಗೆ ಇದಾವುದೂ ಬೇಕಿರಲಿಲ್ಲ. ಆತನ ಆಯುಷ್ಯವೆಲ್ಲ ಎತ್ತಿನ ಸಂತೆಯಲ್ಲಿ ಸವೆದದ್ದು. ಫ್ರಿಜ್ಜಿನ ಸುತ್ತ ಒಂದು ಸುತ್ತು ಬಂದ, ಬೆನ್ನು ತಟ್ಟಿದ, ಸುಳಿ ಹುಡುಕುವವನ ಹಾಗೆ ನೆತ್ತಿ ಸವರಿದ. ಬಾಗಿಲು ತೆರೆದು ಒಳಗಿನ ತಟ್ಟೆಗಳನ್ನು ಎತ್ತಿನ ಹಲ್ಲಿನಂತೆ ಬೆರಳಿನಿಂದ ಎಣಿಸಿ, "ಬಾಯಿಗೂಡೇತಿ" ಎಂದು ಗಂಭೀರವಾಗಿ ಸಾರಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮನೆಯ ಯಜಮಾನರತ್ತ ಚಾಚಿದ. ಅವರೂ ಹಳೆಯ ಕುಳ, ಕೈಯನ್ನು ಟವೆಲ್ಲಿನೊಳಗೆ ಹಾಕಿದರು.

ಎತ್ತಿನ ಸಂತೆಯಲ್ಲಿ ಟವೆಲ್ ಯಾತಕ್ಕೆಂದು ನಿಮಗೆ ಗೊತ್ತಿದೆ. ಒಳಗೆ ಬೆರಳು ಹಿಡಿದು ಧಾರಣಿ ಮಾತಾಡಿದರೆ ಸುತ್ತ ನಿಂತವರಿಗೆ ತಿಳಿಯಬಾರದು. ಆ ಪಡಸಾಲೆಯಲ್ಲಿ ಸುತ್ತ ನಿಂತವನು ನಾನೊಬ್ಬನೇ. ದುಡ್ಡು ನನ್ನದು, ಬರುವ ಫ್ರಿಜ್ ನನ್ನದು, ಧಾರಣಿ ಮಾತ್ರ ನನಗೆ ಗುಟ್ಟು. ಟವೆಲ್ಲಿನೊಳಗೆ ಏನೋ ಹೊರಳಾಡಿತು. ಕಾಕಾ ಕಣ್ಣು ಮುಚ್ಚಿದ. ಯಜಮಾನರು ತಲೆ ಅಲ್ಲಾಡಿಸಿದರು. ಕಾಕಾ ಮತ್ತೆ ಹಿಡಿದ, ಅವರು ಮತ್ತೆ ಕೊಸರಿದರು. "ಕಾಕಾ, ಎಷ್ಟು?" ಎಂದೆ. "ಸುಮ್ಮನಿರೋ, ಸೌದಾ ನಡದೈತಿ" ಎಂದ. ನನಗೆ ಸಿಟ್ಟು ಬಂತು. ಜೊತೆಗೆ, ಹೇಳಿದರೆ ಹೆಂಡತಿ ಬೈದಾಳು, ಸಂತೆಯ ಎತ್ತಿನಷ್ಟೇ ಗತ್ತಿನಿಂದ ನನ್ನ ವ್ಯಾಪಾರವೂ ನಡೆದಿದೆಯಲ್ಲ ಎಂದು ಒಳಗೊಳಗೆ ಹಿಗ್ಗೂ ಆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಮನೆಯ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ರಿಜ್ ಒಮ್ಮೆ ನಡುಗಿ ತಣ್ಣಗಾಯಿತು. ಕತ್ತಲಾದರೂ ಅವರಿಬ್ಬರೂ ಟವೆಲ್ ತೆಗೆಯಲಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ನಾನು ಮೊಬೈಲಿನ ಬೆಳಕು ಹಚ್ಚಿ ಫ್ರಿಜ್ಜಿನ ಹಿಂದೆ ಇಣುಕಿದೆ. ಬೆನ್ನಿನ ತಗಡಿನ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ. ಅದೇ ಎತ್ತರದಲ್ಲಿ ಗೋಡೆಯ ಮೇಲೂ ಅಂಥದೇ ಗೆರೆ, ಸುಣ್ಣದಡಿಯಿಂದ ಕಾಣುತ್ತಿತ್ತು.

"ಅದು ಹೊಳಿ ನೀರಿನ ಗುರುತರಿ ಅಣ್ಣಾ," ಎಂದರು ಆ ಅಕ್ಕ, ನಾನು ಕೇಳುವ ಮೊದಲೇ. "ಹತ್ತೊಂಬತ್ತನೇ ಇಸವಿದು. ನಾವು ತಿರುಗಿ ಬಂದು ನೋಡಿದ್ರ ಫ್ರಿಜ್ಜಿನೊಳಗೂ ನೀರು ಹೊಕ್ಕಿತ್ತು. ಒಣಗಿಸಿ ರಿಪೇರಿ ಮಾಡಿಸೀವಿ, ಈಗ ಚೊಲೋ ನಡೀತೈತಿ. ಆದ್ರ ಇನ್ನೊಮ್ಮೆ ಹೊಳಿ ಬಂದ್ರ ಇದನ್ನ ಹೊರೂದು ಯಾರ್ರಿ? ಅದಕ್ಕ ಮಾರಾಕ್ಹತ್ತೀವಿ."

2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದ್ದು ಯಾರಿಗೆ ನೆನಪಿಲ್ಲ? 2021ರ ಜುಲೈಯಲ್ಲಿ ಮತ್ತೆ ಬಂದಳು. ಮೊದಲ ಸಲ ಸರ್ಕಾರ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತ್ತು. ಹಾಸಿಗೆ, ಟಿವಿ, ಜೋಳದ ಚೀಲ, ಹುಡುಗರ ಪಾಟಿಚೀಲ, ಫ್ರಿಜ್, ಎಲ್ಲವನ್ನೂ ಅದರಲ್ಲೇ ನೋಡಿಕೊಳ್ಳಬೇಕಿತ್ತು. ನೀರಿಳಿದ ಮೇಲೆ ಮೋಡಕಾದವರು ಊರೂರು ತಿರುಗಿ ನೆನೆದ ಯಂತ್ರಗಳನ್ನು ಕೆಜಿ ಲೆಕ್ಕದಲ್ಲಿ ಒಯ್ದರು. ಅವುಗಳಲ್ಲಿ ಎಷ್ಟಕ್ಕೆ ಬಣ್ಣ ಬಳಿದು ಯಾರ ಅಡುಗೆಮನೆ ಸೇರಿಸಿದರೋ! ಒಳಗೆ ನೀರು ಹೊಕ್ಕ ವೈರು ಎಂದಾದರೊಂದು ದಿನ ತಗಡಿನ ಮೈಗೆ ಕರೆಂಟ್ ಹರಿಸಬಹುದು. ಅದನ್ನು ಬಣ್ಣದ ಹೊಳಪು ಹೇಳುವುದಿಲ್ಲ. ಈ ಮನೆಯವರು ಬಾಯಿಬಿಟ್ಟು ಹೇಳಿದರು, ಅದು ಅವರ ದೊಡ್ಡಸ್ತಿಕೆ.

ಕರೆಂಟ್ ಬಂದಾಗ ಟವೆಲ್ಲೂ ಹೊರಬಂತು. ನಾಲ್ಕು ಸಾವಿರಕ್ಕೆ ಮುಗಿದಿತ್ತಂತೆ. ನಾನು ಕಾಕಾನನ್ನು ಅಂಗಳಕ್ಕೆ ಕರೆದು ಗೆರೆಯ ಸಂಗತಿ ಹೇಳಿದೆ. ಆತ ಕೆರಳಿದ: "ಎತ್ತು ಹೊಳಿ ಈಸಿ ಬಂದೇತಿ ಅಂದ್ರ ಧಾರಣಿ ಏರತೈತಿ, ಇಳಿಯೂದಿಲ್ಲ!" ಎತ್ತಿನ ಮಟ್ಟಿಗೆ ಅದು ನಿಜವೇ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು, ವಿಚಾರ ಮಾಡಿ ಹೇಳುತ್ತೇವೆಂದು ಕೈಮುಗಿದು ಬಂದೆವು. ಕೈಹಿಡಿದು ಮುಗಿಸಿದ ಸೌದಾ ಮುರಿದನೆಂದು ಕಾಕಾ ಈಗ ನನ್ನ ಕೂಡ ಮಾತು ಬಿಟ್ಟಿದ್ದಾನೆ.

ಹೆಂಡತಿಯ ಲೆಕ್ಕ ಬಿಲ್ಲಿನ ಹಿಂಬದಿಯಲ್ಲಿ ಹಾಗೇ ಇದೆ, ಅದರಂತೆ ಹಳೆಯ ಫ್ರಿಜ್ ನಮಗೆ ಆಗಿಬರದು. ಆದರೂ ಹೇಳಿಡುತ್ತೇನೆ: ಮಾರುವವರಿದ್ದರೆ ಫ್ರಿಜ್ಜಿನ ಬೆನ್ನನ್ನು ಈ ಕಡೆ ತಿರುಗಿಸಿಡಿ, ಆರು ತಿಂಗಳ ಕರೆಂಟ್ ಬಿಲ್ ತೆಗೆದಿಡಿ, ಬೆಲೆಯನ್ನು ಬಾಯಲ್ಲೇ ಹೇಳಿ. ಮತ್ತು ದಯವಿಟ್ಟು ಕಾಕಾನಿಗೆ ಗೊತ್ತುಮಾಡಬೇಡಿ.