ಗಿಡದ ಚಿಕ್ಕಮ್ಮ

ಮಲೆನಾಡಿನ ಯಾವ ಬಳಗ ತೆಗೆದುಕೊಂಡರೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಕೆಲವರ ಮನೆಯಲ್ಲಿ ಅತ್ತೆ, ಕೆಲವರಲ್ಲಿ ದೊಡ್ಡಮ್ಮ, ನಮ್ಮಲ್ಲಿ ಚಿಕ್ಕಮ್ಮ. ನಿಜವಾದ ಹೆಸರು ಹೇಳಿದರೆ ಅರ್ಧ ನೆಂಟರಿಗೆ ಗುರುತು ಹತ್ತುವುದಿಲ್ಲ. 'ಗಿಡದ ಚಿಕ್ಕಮ್ಮ' ಎಂದರೆ ಮಾತ್ರ ಸಾಗರದಿಂದ ಕೊಪ್ಪದವರೆಗೆ ಎಲ್ಲರೂ "ಓ, ಅವರಾ!" ಎನ್ನುತ್ತಾರೆ, ಎಂದವರೇ ಒಮ್ಮೆ ತಮ್ಮ ಅಂಗಳದ ಕಡೆ ಕಣ್ಣು ಹಾಯಿಸುತ್ತಾರೆ. ಚಿಕ್ಕಮ್ಮ ಬಂದುಹೋದ ಮನೆಯಲ್ಲಿ ಬೆಳ್ಳಿ ಲೋಟ ಎಣಿಸಬೇಕಾಗಿಲ್ಲ. ಕ್ರೋಟನ್ನಿನ ತುದಿ ಇದೆಯೋ ಇಲ್ಲವೋ ನೋಡಿಕೊಂಡರೆ ಸಾಕು.

ಮದುವೆ ಮನೆಗೆ ಹೊರಟಾಗ ಅವರ ಬ್ಯಾಗಿಗೆ ಬಾಚಣಿಗೆಗಿಂತ ಮುಂಚೆ ಸೇರುವುದು ಒಂದು ಒದ್ದೆ ಹತ್ತಿಬಟ್ಟೆ, ಎರಡು ಪ್ಲಾಸ್ಟಿಕ್ ಕೊಟ್ಟೆ ಮತ್ತು ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು. ಧಾರೆ ಮುಗಿಯುತ್ತಿದ್ದಂತೆ ಅಕ್ಷತೆ ಹಾಕಿ, ಊಟದ ಮೊದಲನೇ ಪಂಕ್ತಿ ಬಿಟ್ಟು, "ಸ್ವಲ್ಪ ಗಾಳಿಗೆ ಹೋಗಿ ಬರ್ತೆ" ಎಂದು ಹಿತ್ತಿಲ ಕಡೆ ನಡೆಯುತ್ತಾರೆ. ಕೇಳಿ ತಂದ ಗಿಡ ಕೊರಗುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಸರ್ವಸಮ್ಮತ ಕೃಷಿವಿಜ್ಞಾನ. ಇದನ್ನು ಯಾವ ವಿಶ್ವವಿದ್ಯಾಲಯವೂ ಪರೀಕ್ಷಿಸಿದಂತೆ ಕಾಣೆ. ಚಿಕ್ಕಮ್ಮ ಪ್ರತಿ ಲಗ್ನದಲ್ಲೂ ಪರೀಕ್ಷಿಸುತ್ತಾರೆ.

ಮಗಳಿಗೆ ಗಂಡು ನೋಡಲು ಹೋದಾಗಲೂ ಇದೇ ಕತೆ. ಹುಡುಗನ ಜಾತಕ, ಸಂಬಳ, ತೋಟದ ಎಕರೆ ಲೆಕ್ಕ ಎಲ್ಲ ಚಿಕ್ಕಪ್ಪನ ಖಾತೆ. ವಾಪಸು ಬರುವಾಗ ಜೀಪಿನಲ್ಲಿ ಚಿಕ್ಕಪ್ಪ "ಹ್ಯಾಗೆ ಕಂಡ?" ಎಂದು ಕೇಳಿದರು. "ಪಾಪ, ನೆರಳು ಸಾಲದು ಅದಕ್ಕೆ. ಎಲೆ ಎಲ್ಲ ಸುಟ್ಟುಹೋಗಿದೆ" ಎಂಬ ಉತ್ತರ ಬಂತು. ಅವರ ಮನಸ್ಸು ಇನ್ನೂ ಅಲ್ಲಿನ ಆಂಥೂರಿಯಂ ಬಳಿಯೇ ಇತ್ತು. ಆ ಸಂಬಂಧ ಕೂಡಿಬಂತೆನ್ನಿ. ಜಾತಕವೂ ಹೊಂದಿತ್ತು, ಆದರೆ ಬೀಗಿತ್ತಿಯಾಗುವವರು ಕೇಳುವ ಮೊದಲೇ ಕೇಸರಿ ಡೇರೆಯ ಕುಡಿಯೊಂದನ್ನು ಮುರಿದು ಕೈಗಿಟ್ಟಿದ್ದರು ಎಂಬುದನ್ನೂ ಮರೆಯಬಾರದು.

ಆಂಥೂರಿಯಂ, ಆರ್ಕಿಡ್, ದಾಸವಾಳ ಎಲ್ಲ ಇದ್ದರೂ ಅವು ಪರಿವಾರ ದೇವತೆಗಳು. ಮೂಲದೇವರು ಡೇರೆ. ಪೇಟೆಯವರು ಡಾಲಿಯಾ ಎನ್ನುವ ಈ ಹೂವಿಗೆ ಮಲೆನಾಡಿನ ಮಳೆಗಾಲದಲ್ಲಿ ಇರುವ ಪಟ್ಟ ಬೇರೆ ಯಾವ ಹೂವಿಗೂ ಇಲ್ಲ. ಒಂದು ಕಾಲದಲ್ಲಿ ಶಾಲೆಗೆ ಹೋಗುವ ಹುಡುಗಿಯರು ಜಡೆಯ ಬುಡಕ್ಕೆ ಅಂಗೈಯಗಲದ ಡೇರೆ ಸಿಕ್ಕಿಸಿಕೊಂಡು ಕೂತರೆ ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣುತ್ತಿರಲಿಲ್ಲ. ನಮ್ಮ ಪೀಳಿಗೆಯ ಅನೇಕರ ಗಣಿತ ಹಾಗೆ ಹೋಯಿತು.

ಇದು ನಮ್ಮ ಹೂವೇ ಅಲ್ಲ, ಮೆಕ್ಸಿಕೋ ಬೆಟ್ಟಗಳದ್ದು, 1791ರಲ್ಲಿ ಮ್ಯಾಡ್ರಿಡ್ಡಿನ ಕಾವನಿಯೆಸ್ ಎಂಬ ಸಸ್ಯಶಾಸ್ತ್ರಜ್ಞರು ಸ್ವೀಡನ್ನಿನ ಆಂಡರ್ಸ್ ದಾಲ್ ಅವರ ಗೌರವಕ್ಕೆ ಹೀಗೆ ಹೆಸರಿಟ್ಟರು, 1963ರಲ್ಲಿ ಮೆಕ್ಸಿಕೋ ಇದನ್ನು ರಾಷ್ಟ್ರೀಯ ಪುಷ್ಪ ಮಾಡಿಕೊಂಡಿತು ಎಂದೆಲ್ಲ ನಾನು ಒಮ್ಮೆ ಜಗಲಿಯಲ್ಲಿ ಕೂತು ಪ್ರವಚನ ಕೊಟ್ಟೆ. ಚಿಕ್ಕಮ್ಮ ಅಡಿಕೆ ಹೋಳು ಮಾಡುವುದನ್ನು ನಿಲ್ಲಿಸಿ ಎಲ್ಲ ಕೇಳಿದರು.

"ಅಲ್ಲಿ ನಿಂಗೆ ಗುರ್ತದವರು ಯಾರಾದ್ರೂ ಇದಾರನಾ?"

"ಎಂಥಕ್ಕೆ?"

"ಗಡ್ಡೆ ಕೊಡ್ತಾರನಾ ಅಂತ."

ಮಳೆ ನಕ್ಷತ್ರಗಳ ಪಂಚಾಂಗ ಆ ಮನೆಯಲ್ಲಿ ಎರಡು. ಚಿಕ್ಕಪ್ಪನದು ಅಡಿಕೆಗೆ, ಚಿಕ್ಕಮ್ಮನದು ಡೇರೆಗೆ. ರೋಹಿಣಿಯ ಮೊದಲ ಹನಿ ಬಿದ್ದು ಮಣ್ಣಿನಿಂದ ಬಿಸಿ ಏಳುವಾಗ ಚಿಕ್ಕಪ್ಪ ಕಪ್ಪು ಕಂಬಳಿ ಹುಡುಕುತ್ತಾರೆ, ಚಿಕ್ಕಮ್ಮ ಪೇಂಟಿನ ಖಾಲಿ ಬಕೆಟ್ಟು ಹುಡುಕುತ್ತಾರೆ. ಒಡೆದ ಕೊಡ, ಎಣ್ಣೆ ಡಬ್ಬಿ, ಗೊಬ್ಬರದ ಚೀಲ, ಮೊಮ್ಮಗನ ಸ್ನಾನದ ಟಬ್ಬು, ಎಲ್ಲಕ್ಕೂ ತಳಕ್ಕೆ ತೂತು ಬೀಳುತ್ತದೆ. ಟಬ್ಬಿಗೆ ತೂತು ಬಿದ್ದದ್ದು ಮೊಮ್ಮಗ ರಜೆಗೆ ಬಂದು ನೀರು ತುಂಬಿಸಿದಾಗಲೇ ಗೊತ್ತಾದದ್ದು. ಮೃಗಶಿರಕ್ಕೆ ಗಿಡ ಮೊಣಕಾಲೆತ್ತರ ಬಂದರೆ ಅಡಿಕೆ ದಬ್ಬೆ ಸೀಳಿ ಆಸರೆ ಕೊಟ್ಟು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಆರಿದ್ರಾ ಮಳೆಯಲ್ಲಿ ಪಕ್ಕದ ಕುಡಿ ಚಿವುಟಿ ನೆಲಕ್ಕೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಆದ್ದರಿಂದ ಆ ದಿನಗಳಲ್ಲಿ ಮನೆಗೆ ಬರುವ ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸುವುದಿಲ್ಲ. "ಒಳಗೆ ಬನ್ನಿ, ಒದ್ದೆಯಾಗ್ತೀರಿ" ಎಂದು ಕೈ ಹಿಡಿದು ಎಳೆದುಕೊಂಡೇ ಹೋಗುತ್ತಾರೆ. ನೋಡಿದವರಿಗೆ ಏನು ಆದರ ಎನಿಸಬೇಕು.

ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನ ಗಂಡಹೆಂಡಿರ ನಡುವೆ ಸಣ್ಣ ಯುದ್ಧ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಚಿಕ್ಕಪ್ಪ ತೂಕ ಮಾಡಿ ಡ್ರಮ್ಮಿನಲ್ಲಿ ಬೆರೆಸಿ, ಅತ್ತ ತಿರುಗುವಷ್ಟರಲ್ಲಿ ಎರಡು ತಂಬಿಗೆ ಕಡಿಮೆ. ಡೇರೆ ಎಲೆ ನೀಲಿಯಾಗಿರುತ್ತದೆ.

"ಕೊಳೆ ಬಂದ್ರೆ ವರ್ಷದ ಅನ್ನ ಹೋಗ್ತದೆ ಮಾರಾಯ್ತಿ!"

"ಅಡಿಕೆ ಮುಂದಿನ ವರ್ಷವೂ ಬಿಡ್ತದೆ. ಈ ಮೊಗ್ಗು ಮತ್ತೆ ಬರ್ತದನಾ?"

ಇದಕ್ಕೆ ಚಿಕ್ಕಪ್ಪನಲ್ಲಿ ಉತ್ತರವಿಲ್ಲ. ಉತ್ತರವಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಮರದ ಮೇಲಿರುವ ಕೊನೆಗೌಡ ಚಿಕ್ಕಮ್ಮನ ಪಕ್ಷ. ಅಷ್ಟೆತ್ತರದಿಂದ ನೋಡಿದರೆ ಸುತ್ತಲಿನ ಮೂರು ಮನೆಗಳ ಅಂಗಳ ಕಾಣುತ್ತದೆ. ಕೆಳಗಿಳಿದವನು ಕೈ ತೊಳೆಯುತ್ತ, ಯಾರಿಗೋ ಎಂಬಂತೆ, "ಕೆಳಮನೇಲಿ ಹೊಸದೊಂದು ಬಿಳಿ ಅರಳ್ದಂಗೆ ಕಾಣ್ತು ಅಮ್ಮಾ, ಅಂಚಿಗೆ ಕೆಂಪು" ಎನ್ನುತ್ತಾನೆ. ಅವನಿಗೆ ಅವತ್ತು ದೋಸೆಯ ಜೊತೆ ತುಪ್ಪ. ಉಳಿದ ಆಳುಗಳಿಗೆ ಚಟ್ನಿ ಮಾತ್ರ ಏಕೆ ಎಂಬುದು ಚಿಕ್ಕಪ್ಪನಿಗೆ ಇಂದಿಗೂ ಅರ್ಥವಾಗಿಲ್ಲ.

ಪ್ರಾಣಿಗಳ ಬಗ್ಗೆ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಕಾಳು ಎಂಬ ನಾಯಿ ರಾತ್ರಿಯೆಲ್ಲ ಬೊಗಳಿ, ಬೆಳಿಗ್ಗೆ ಮಲಗಲು ಹುಡುಕುವ ಜಾಗ ಅವತ್ತೇ ಹದ ಮಾಡಿದ ಮಡಿ. ಅಂಗಳವೆಲ್ಲ ಖಾಲಿ ಇದ್ದರೂ ಅದಕ್ಕೆ ಗೊಬ್ಬರ ಹಾಕಿದ ಮೆತ್ತನೆ ಮಣ್ಣೇ ಬೇಕು. ಚಿಕ್ಕಮ್ಮ ಹಿಡಿಕಟ್ಟು ಎತ್ತುತ್ತಾರೆ. ಅದು ಒಂದು ಕಣ್ಣು ಬಿಟ್ಟು, ಬಾಲ ಎರಡು ಸಲ ನೆಲಕ್ಕೆ ಬಡಿದು, ಮತ್ತೆ ಮುಚ್ಚುತ್ತದೆ. "ಹಾಳಾಗಿ ಹೋಗು" ಎಂದು ಬೈದು, ಹಿಡಿಕಟ್ಟು ಇಳಿಸಿ, ಗಿಡವನ್ನೇ ಅರ್ಧ ಅಡಿ ಆಚೆ ನೆಡುತ್ತಾರೆ. ಅವರ ಮಡಿಗಳು ನೇರವಾಗಿಲ್ಲ ಎಂದು ಟೀಕಿಸುವವರಿಗೆ ಕಾಳುವಿನ ಅಳತೆ ಗೊತ್ತಿಲ್ಲ. ಗೌರಿ ಎಂಬ ಮಲೆನಾಡು ಗಿಡ್ಡ ಹಸು ಕೊಡುವ ಹಾಲು ಮನೆಯ ಕಾಫಿಗೆ ಸಾಕಾದರೆ ಪುಣ್ಯ. ಆದರೂ ಮಾರುವ ಮಾತೆತ್ತುವಂತಿಲ್ಲ. "ಹಾಲು ಡೇರಿಯಲ್ಲಿ ಸಿಗ್ತದೆ, ಇಂಥ ಸಗಣಿ ಎಲ್ಲಿ ಸಿಗ್ತದೆ?" ಎಂಬುದು ವಾದ. ಆ ಸಗಣಿಯಿಂದ ಬೆಳೆದ ಡೇರೆಯ ಮೊಗ್ಗನ್ನು ಗೌರಿ ಬೇಲಿ ಹಾರಿ ಬಂದು ತಿನ್ನುವುದುಂಟು. ಆಗ ಮಾತ್ರ ಚಿಕ್ಕಮ್ಮ ಅವಳ ಹೆಸರು ಬಿಟ್ಟು 'ನಿಮ್ಮ ದನ' ಎಂದು ಚಿಕ್ಕಪ್ಪನಿಗೆ ದೂರು ಕೊಡುತ್ತಾರೆ.

ರಾತ್ರಿ ಊಟವಾದ ಮೇಲೆ ಟಾರ್ಚು, ಉಪ್ಪಿನ ಮರಿಗೆ ಹಿಡಿದು ಬಸವನಹುಳುಗಳ ಬೇಟೆ. ತಲೆಗೆ ಕೊಪ್ಪೆ, ಕಾಲಿಗೆ ಉಂಬಳ, ಹಿಂದೆ ಕಾಳು, ಅದರ ಹಿಂದೆ ಬೆಕ್ಕು. ಜಡಿಮಳೆಯಲ್ಲಿ ಆ ಬೆಳಕು ಗಿಡದಿಂದ ಗಿಡಕ್ಕೆ ಹೋಗುವುದನ್ನು ಕಿಟಕಿಯಿಂದ ಕಂಡ ಬೆಂಗಳೂರಿನ ಅಳಿಯ ಮೊದಲ ಸಲ ಹೆದರಿ ಹನುಮಾನ್ ಚಾಲೀಸಾ ಶುರುಮಾಡಿದ್ದ.

ಅಳಿಯ ಈಗ ಪಳಗಿದ್ದಾನೆ. ಅತ್ತೆಯ ಒಲವು ಗಳಿಸಲು ಮೊಬೈಲಿನಲ್ಲಿ ಆಕಾಶದ ಬಣ್ಣದ ಡೇರೆ ತೋರಿಸಿ, ಆನ್‌ಲೈನಿನಲ್ಲಿ ತರಿಸಿಯೂ ಕೊಟ್ಟ. ಡೇರೆಯಲ್ಲಿ ಅಚ್ಚ ನೀಲಿ ಇಲ್ಲವೇ ಇಲ್ಲ. ಇನ್ನೂರು ವರ್ಷ ತಳಿಗಾರರು ಕಷ್ಟಪಟ್ಟರೂ ನೇರಳೆಯ ಆಚೆ ದಾಟಲಾಗಿಲ್ಲ. ಬಂದ ಗಡ್ಡೆಯಲ್ಲಿ ಅರಳಿದ್ದೂ ಬದನೆಕಾಯಿ ಬಣ್ಣವೇ. ಆದರೆ ಕೆಳಮನೆ ಅತ್ತೆ ನೋಡಲು ಬಂದಾಗ ಚಿಕ್ಕಮ್ಮ, "ಬೆಳಿಗ್ಗೆ ಆರಕ್ಕೆ ನೋಡ್ಬೇಕು ಅತ್ತಿಗೆ, ಬಿಸಿಲಿಗೆ ಸ್ವಲ್ಪ ತಿರುಗ್ತದೆ" ಎಂದರು. ಆಷಾಢದಲ್ಲಿ ನಮ್ಮೂರಲ್ಲಿ ಬಿಸಿಲೆಂಬುದು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾದ ಸಂಗತಿ.

ಚೌತಿಯ ಹೊತ್ತಿಗೆ ಅಂಗಳ ತುಂಬಿ ನಿಲ್ಲುತ್ತದೆ. ಅದೇ ತೊಂದರೆ. ಗಣಪತಿಯನ್ನು ಮಂಟಪದಲ್ಲಿ ಕೂರಿಸಿದ ಭಟ್ಟರು ಬಾಗಿಲಾಚೆ ನೋಡಿ, "ಆಹಾ, ಆ ಕೆಂಪಿನದು ಒಂದು ಇದ್ದಿದ್ರೆ..." ಎಂದು ನಿಲ್ಲಿಸಿದರು.

"ಕೆಂಪು ದಾಸವಾಳ ಬುಟ್ಟಿ ತುಂಬ ಇದೆ ಭಟ್ರೆ. ಗಣಪತಿಗೆ ದಾಸವಾಳವೇ ಶ್ರೇಷ್ಠ ಅಂತ ಹೋದ ವರ್ಷ ನೀವೇ ಹೇಳಿದ್ರಿ."

"ಅದೂ ಹೌದು. ಆದ್ರೂ ಆ ಗಾತ್ರ..."

"ಅದು ಇನ್ನೂ ಅರಳ್ತಾ ಇದೆ."

ಅದು ಅರಳಿ ನಾಲ್ಕು ದಿನವಾಗಿತ್ತು. ಗಣಪತಿ ಏನೂ ಹೇಳಲಿಲ್ಲ. ಅವನ ಗಮನ ಪಂಚಕಜ್ಜಾಯದ ಮೇಲಿತ್ತು. ಒಂದು ಮಾತನ್ನು ಚಿಕ್ಕಮ್ಮನ ಪರವಾಗಿ ಹೇಳಲೇಬೇಕು: ದೊಡ್ಡಹಬ್ಬದ ಗೋಪೂಜೆಯ ದಿನ, ಮೊಗ್ಗು ತಿಂದ ಅದೇ ಗೌರಿಯ ಕೊರಳಿಗೆ ಅಡಿಕೆ, ಚೆಂಡುಹೂವಿನ ಸರದ ನಡುವೆ ಆ ವರ್ಷದ ಕೊನೆಯ ಡೇರೆಗಳನ್ನೆಲ್ಲ ಸೇರಿಸಿ ಕಟ್ಟುತ್ತಾರೆ. ಭಟ್ಟರು ಇದನ್ನು ನೋಡಿದ್ದಾರೆ. ಏನೂ ಅಂದಿಲ್ಲ, ಆದರೆ ಮರೆತೂ ಇಲ್ಲ.

ಆಮೇಲೆ ಗಿಡ ಒಣಗುತ್ತದೆ. ಗಡ್ಡೆ ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹೂತು ಕೊಟ್ಟಿಗೆಯ ಮೂಲೆಯಲ್ಲಿ ಇಡಬೇಕು. ನೆಲದಲ್ಲೇ ಬಿಟ್ಟರೆ ಮುಳ್ಳುಹಂದಿ ಬಿಡುವುದಿಲ್ಲ. ಮರಳಿನಲ್ಲಿಟ್ಟರೆ ಬೆಕ್ಕು ಬಿಡುವುದಿಲ್ಲ; ಇಷ್ಟು ಒಳ್ಳೆಯ ಮರಳನ್ನು ತನ್ನ ಅನುಕೂಲಕ್ಕಲ್ಲದೆ ಇನ್ಯಾಕೆ ತಂದಿಟ್ಟಾರು ಎಂಬುದು ಅದರ ನಂಬಿಕೆ. ವೈಶಾಖದಲ್ಲಿ ಬಕೆಟ್ಟು ಬಿಚ್ಚುವ ದಿನ ಕೊಟ್ಟಿಗೆಯಿಂದ ಬರುವ ಮಾತುಗಳನ್ನು ಬರೆಯುವ ಹಾಗಿಲ್ಲ.

ಗಡ್ಡೆ ಕೊಡುವ, ಕೊಳ್ಳುವ ಕಾಲವೂ ಅದೇ. ಡೇರೆ ಗಡ್ಡೆ ಆಲೂಗಡ್ಡೆಯಂತಲ್ಲ, ಮೈತುಂಬ ಕಣ್ಣಿರುವುದಿಲ್ಲ. ಹಳೆ ಕಾಂಡಕ್ಕೆ ಅಂಟಿದ ಕುತ್ತಿಗೆಯ ಬಳಿ ಮಾತ್ರ ಮೊಳಕೆ ಏಳುವುದು. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಿನಲ್ಲಿ ಹಾಗೇ ಕೂತು ಕೊನೆಗೆ ಕೊಳೆಯುತ್ತದೆ. ಈ ಒಂದು ಸಂಗತಿಯ ಮೇಲೆ ಮಲೆನಾಡಿನ ಅರ್ಧ ನೆಂಟಸ್ತಿಕೆ ನಿಂತಿದೆ. ಇಲ್ಲ ಎನ್ನದೆ, ಮನಸ್ಸು ನೋಯಿಸದೆ, ತಳಿಯನ್ನೂ ಬಿಟ್ಟುಕೊಡದೆ ದಾನ ಮಾಡುವ ದಾರಿ ಇದು. ಕೆಳಮನೆ ಅತ್ತೆ ಆ ಬದನೆ-ನೀಲಿಯನ್ನು ಕೇಳಿದಾಗ ಚಿಕ್ಕಮ್ಮ ಬಕೆಟ್ಟಿನಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ದಪ್ಪನೆಯದನ್ನೇ ಆರಿಸಿ, ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕುಂಕುಮವನ್ನೂ ಇಟ್ಟು ಕೊಟ್ಟರು. ಅತ್ತೆ ಬಿಚ್ಚಿ ನೋಡಲೂ ಇಲ್ಲ. "ನಿಮ್ಮ ಕೈಗುಣ ದೊಡ್ಡದು ಅತ್ತಿಗೆ" ಎಂದು ಕಾಫಿ ಕುಡಿದು ಹೋದರು. ಆರಿದ್ರಾ ಮಳೆಯಲ್ಲಿ ಒಮ್ಮೆ ಮಜ್ಜಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದಿದ್ದರು. ಚಿಕ್ಕಮ್ಮ ಹೆಪ್ಪು ತರಲು ಒಳಗೆ ಹೋಗಿದ್ದು ಎರಡೇ ನಿಮಿಷ.

ಮಖೆ ಮಳೆಯಲ್ಲಿ ಕೊನೆಗೌಡ ಎರಡನೇ ಔಷಧಿ ಹೊಡೆದು ಇಳಿದು, ಕೈ ತೊಳೆಯುತ್ತ ಸುದ್ದಿ ಹೇಳಿದ. ಚಿಕ್ಕಮ್ಮ ಸೀರೆ ಬದಲಿಸಿಕೊಂಡು ಕೆಳಮನೆಗೆ ಇಳಿದರು, ಕಾಳುವೂ ಹಿಂದೆಯೇ. ಅಂಗಳದ ನಟ್ಟನಡುವೆ, ಹೊಸ ಸಿಮೆಂಟ್ ಕುಂಡದಲ್ಲಿ, ಬದನೆ-ನೀಲಿ ನಾಲ್ಕು ಹೂ ಬಿಟ್ಟು ನಿಂತಿತ್ತು.

"ನೋಡಿ ಅತ್ತಿಗೆ, ನೀವು ಕೊಟ್ಟ ಗಡ್ಡೆ! ಹ್ಯಾಗೆ ಬಂದಿದೆ!"

ಚಿಕ್ಕಮ್ಮ ಗಿಡವನ್ನು ನೋಡಿದರು, ಅತ್ತೆಯನ್ನು ನೋಡಿದರು. ಬಾಯಿ ತೆರೆದು ಮುಚ್ಚಿದರು. ಆ ಗಡ್ಡೆ ಹುಟ್ಟಲು ಸಾಧ್ಯವೇ ಇಲ್ಲ ಎಂದು ಹೇಳಬೇಕಾದರೆ ಏಕೆ ಸಾಧ್ಯವಿಲ್ಲ ಎಂದೂ ಹೇಳಬೇಕಾಗುತ್ತಿತ್ತು.

"ಚೆನ್ನಾಗಿ ಬಂದಿದೆ" ಎಂದರು. "ಆದ್ರೆ ನಮ್ಮಲ್ಲಿಯಷ್ಟು ನೀಲಿ ಇಲ್ಲ."